17 ದಿನ ಮೊದಲೇ ಬಂದ ಎಚ್ಚರಿಕೆ: ಕೊಲಂಬೊ ಈಸ್ಟರ್ ದಾಳಿಯ ಪ್ರಕರಣ ಅಧ್ಯಯನ

2019ರ ಏಪ್ರಿಲ್ 11ರಂದು, ಚರ್ಚ್ ಮತ್ತು ಹೋಟೆಲುಗಳ ಮೇಲೆ ಈಸ್ಟರ್ ದಾಳಿ ನಡೆಯುವ ಹತ್ತು ದಿನ ಮುಂಚೆ, ಶ್ರೀಲಂಕಾ ಪೊಲೀಸ್ ಇಲಾಖೆಯ ಡಿಐಜಿಯೊಬ್ಬರು ಸಹಿ ಹಾಕಿದ ಪತ್ರ ಕೊಲಂಬೊದ ಕೆಲವು ಕಚೇರಿಗಳಿಗೆ ಹೋಯಿತು. ನ್ಯಾಷನಲ್ ತೌಹೀದ್ ಜಮಾಅತ್ ಎಂಬ ಅಲ್ಲಿನ ಇಸ್ಲಾಮೀ ಉಗ್ರ ಸಂಘಟನೆಯ ಜಹ್ರಾನ್ ಹಾಶಿಂ ಮತ್ತು ಅವನ ಸಂಗಡಿಗರು ಆತ್ಮಾಹುತಿ ದಾಳಿಗೆ ತಯಾರಾಗುತ್ತಿದ್ದಾರೆ ಎಂಬುದು ಅದರ ಸಾರ. ಜೊತೆಗಿದ್ದ ಗುಪ್ತಚರ ವರದಿಯಲ್ಲಿ ಹೆಸರು, ವಿಳಾಸ, ಫೋನ್ ಸಂಖ್ಯೆ ಎಲ್ಲವೂ ಇದ್ದವು. ತಲೆಮರೆಸಿಕೊಂಡಿದ್ದ ಜಹ್ರಾನ್‌ನ ತಮ್ಮ ರಾತ್ರಿ ಯಾವ ಹೊತ್ತಿನಲ್ಲಿ ಹೆಂಡತಿಯ ಮನೆಗೆ ಬಂದು ಹೋಗುತ್ತಾನೆ ಎಂಬುದನ್ನೂ ಬರೆದಿದ್ದರು. ಗುಪ್ತಚರ ಕೆಲಸ ಬಲ್ಲವರಿಗೆ ಗೊತ್ತು, ಇಷ್ಟು ನಿಖರವಾದ ಮಾಹಿತಿ ಕೈಗೆ ಸಿಗುವುದು ಅಪರೂಪ.

ಪತ್ರ ಹೋದದ್ದು ಯಾರಿಗೆ? ಸಚಿವರ ಭದ್ರತಾ ವಿಭಾಗಕ್ಕೆ, ನ್ಯಾಯಾಧೀಶರ ಭದ್ರತಾ ವಿಭಾಗಕ್ಕೆ, ಮಾಜಿ ರಾಷ್ಟ್ರಪತಿಗಳನ್ನು ಕಾಯುವವರಿಗೆ, ವಿದೇಶಿ ರಾಯಭಾರಿಗಳನ್ನು ಕಾಯುವವರಿಗೆ. ದಾಳಿಯ ಗುರಿ ಪ್ರಮುಖ ಚರ್ಚ್‌ಗಳು ಮತ್ತು ಭಾರತದ ಹೈಕಮಿಷನ್ ಎಂದು ವರದಿಯಲ್ಲೇ ಇತ್ತು. ಹಾಗಿದ್ದೂ ಒಂದು ಚರ್ಚಿಗೂ ಆ ಮಾತು ಮುಟ್ಟಲಿಲ್ಲ. ಆ ಪತ್ರವನ್ನು ದಾಳಿಯ ದಿನ ಟ್ವಿಟರ್‌ನಲ್ಲಿ ಹಾಕಿದವರು ಸಚಿವ ಹರಿನ್ ಫರ್ನಾಂಡೊ. ತಮ್ಮ ತಂದೆಗೂ ಇದರ ಸುಳಿವು ಸಿಕ್ಕಿತ್ತು, ದೊಡ್ಡ ಚರ್ಚ್‌ಗಳಿಗೆ ಹೋಗಬೇಡ ಎಂದಿದ್ದರು ಎಂದು ಅವರೇ ಹೇಳಿಕೊಂಡರು. ಸಚಿವರ ಮನೆಯವರಿಗೆ ಗೊತ್ತಿದ್ದದ್ದು ಪಾದ್ರಿಗೆ ಗೊತ್ತಿರಲಿಲ್ಲ. ಈ ಪ್ರಕರಣದ ತಿರುಳು ಇಷ್ಟೇ. ಗುಪ್ತಚರ ಸೋಲಲಿಲ್ಲ, ಮಾಹಿತಿಯನ್ನು ಕೆಲಸಕ್ಕೆ ಇಳಿಸುವ ಹೊಣೆ ಯಾರದೂ ಆಗಲಿಲ್ಲ.

ಏಪ್ರಿಲ್ 21

ಆ ಈಸ್ಟರ್ ಭಾನುವಾರ ಬೆಳಿಗ್ಗೆ 8.45ರಿಂದ 9.05ರ ನಡುವೆ ಆರು ಕಡೆ ಬಾಂಬ್ ಸಿಡಿದವು. ಕೊಲಂಬೊ ಕೊಚ್ಚಿಕಡೆಯ ಸಂತ ಅಂತೋಣಿ ದೇವಾಲಯ, ನೆಗೊಂಬೊ ಬಳಿ ಕಟುವಾಪಿಟಿಯದ ಸಂತ ಸೆಬಾಸ್ಟಿಯನ್ ಚರ್ಚ್, ಪೂರ್ವ ಕರಾವಳಿಯ ಬಟ್ಟಿಕಲೋವಾದ ಝಯಾನ್ ಚರ್ಚ್, ಕೊಲಂಬೊದ ಶಾಂಗ್ರಿಲಾ, ಸಿನಮನ್ ಗ್ರ್ಯಾಂಡ್, ಕಿಂಗ್ಸ್‌ಬರಿ ಹೋಟೆಲುಗಳು. ತಾಜ್ ಸಮುದ್ರ ಹೋಟೆಲಿಗೆ ಹೋಗಿದ್ದವನ ಬಾಂಬ್ ಸಿಡಿಯಲಿಲ್ಲ. ಅವನು ಮಧ್ಯಾಹ್ನ ದೆಹಿವಲದ ಅತಿಥಿಗೃಹದಲ್ಲಿ ಸ್ಫೋಟಿಸಿಕೊಂಡು ಸತ್ತ. ದೆಮಟಗೊಡದ ಮನೆಗೆ ಪೊಲೀಸರು ಹೋದಾಗ ಶಾಂಗ್ರಿಲಾ ದಾಳಿಕೋರನೊಬ್ಬನ ಹೆಂಡತಿ ತನ್ನ ಮಕ್ಕಳ ಸಮೇತ ಸ್ಫೋಟಿಸಿಕೊಂಡಳು, ಮೂವರು ಪೊಲೀಸರೂ ಸತ್ತರು. ಒಟ್ಟು ಸಾವು 260 ದಾಟಿತು, ಗಾಯಾಳುಗಳು 500ಕ್ಕೂ ಹೆಚ್ಚು. ಮೊದಲ ವಾರ ಸರ್ಕಾರ 359 ಎಂದು ಹೇಳಿ, ಛಿದ್ರ ದೇಹಗಳ ಎಣಿಕೆ ತಪ್ಪಿತ್ತು ಎಂದು ಆಮೇಲೆ 253ಕ್ಕೆ ಇಳಿಸಿತ್ತು. ಬೇರೆ ಬೇರೆ ವರದಿಗಳಲ್ಲಿ ಬೇರೆ ಬೇರೆ ಸಂಖ್ಯೆ ಕಾಣುವುದಕ್ಕೆ ಇದೂ ಒಂದು ಕಾರಣ.

ಸತ್ತವರಲ್ಲಿ 11 ಭಾರತೀಯರು. ಕರ್ನಾಟಕದಲ್ಲಿ ಏಪ್ರಿಲ್ 18ರಂದು ಲೋಕಸಭಾ ಚುನಾವಣೆಯ ಮತದಾನ ಮುಗಿಸಿ, ದಣಿವಾರಿಸಿಕೊಳ್ಳಲು ಕೊಲಂಬೊಗೆ ಹೋಗಿ ಶಾಂಗ್ರಿಲಾದಲ್ಲಿ ಇಳಿದಿದ್ದ ಬೆಂಗಳೂರು ಸುತ್ತಮುತ್ತಲಿನ ಜೆಡಿಎಸ್ ಕಾರ್ಯಕರ್ತರೂ ಅವರಲ್ಲಿ ಸೇರಿದ್ದರು. ನೆಲಮಂಗಲ, ತುಮಕೂರು ಕಡೆಯ ಮನೆಗಳಿಗೆ ಈ ಪ್ರಕರಣ ಬಂದದ್ದು ಹಾಗೆ.

ಬಟ್ಟಿಕಲೋವಾದ ಒಂದು ವಿವರವನ್ನು ಗಮನಿಸಬೇಕು. ಅಲ್ಲಿನ ದಾಳಿಕೋರನನ್ನು ಸಭೆಯ ಒಬ್ಬ ಸದಸ್ಯ ಹೊರಗೇ ತಡೆದು, ಬೆನ್ನಿನ ಚೀಲವನ್ನು ಪ್ರಶ್ನಿಸಿದ. ಬಾಂಬ್ ಪ್ರಾರ್ಥನಾ ಮಂದಿರದ ಒಳಗಲ್ಲ, ಅಂಗಳದಲ್ಲಿ ಸಿಡಿಯಿತು. ಅಲ್ಲೂ ಭಾನುವಾರದ ಪಾಠಕ್ಕೆ ಬಂದಿದ್ದ ಮಕ್ಕಳು ಸತ್ತರು, ತಡೆದವನೂ ಉಳಿಯಲಿಲ್ಲ. ಆದರೆ ಯಾರೂ ತಡೆಯದೆ ಒಳಗೆ ಬಿಟ್ಟ ಕಟುವಾಪಿಟಿಯಲ್ಲಿ ಸಾವು ನೂರು ದಾಟಿತು. ಎಚ್ಚರಿಕೆ ಸಿಕ್ಕಿದ್ದರೆ ಏನು ಮಾಡಬಹುದಿತ್ತು ಎಂದು ಕೇಳುವವರಿಗೆ ಉತ್ತರ ಇಲ್ಲಿದೆ: ಬಾಗಿಲಲ್ಲಿ ನಾಲ್ಕು ಜನ, ಚೀಲಕ್ಕೆ ಪ್ರವೇಶವಿಲ್ಲ ಎಂಬ ಒಂದು ಫಲಕ, ವಾಹನ ನಿಲುಗಡೆ ಐವತ್ತು ಮೀಟರ್ ಆಚೆಗೆ. ದಾಳಿ ನಿಲ್ಲುತ್ತಿತ್ತೆಂದಲ್ಲ, ಸಾವು ಇಳಿಯುತ್ತಿತ್ತು.

ಎಚ್ಚರಿಕೆ ಹಿಡಿದ ದಾರಿ

ಮೂಲ ಕೊಯಮತ್ತೂರಿನದು. 2018ರಲ್ಲಿ ಅಲ್ಲಿ ಹಿಂದೂ ಸಂಘಟನೆಗಳ ಮುಖಂಡರನ್ನು ಕೊಲ್ಲುವ ಸಂಚಿನ ಆರೋಪದಲ್ಲಿ ಕೆಲವರು ಸಿಕ್ಕಿಬಿದ್ದರು. ಪ್ರಕರಣ ಎನ್‌ಐಎ ಕೈಗೆ ಬಂದು, ಅವರ ಫೋನು, ಕಂಪ್ಯೂಟರು ಜಾಲಾಡಿದಾಗ ತಮಿಳಿನಲ್ಲಿ ಭಾಷಣ ಮಾಡುವ ಲಂಕೆಯ ಮೌಲ್ವಿಯ ವಿಡಿಯೊಗಳು ಸಿಕ್ಕವು. ಅವನೇ ಜಹ್ರಾನ್. ಆ ಎಳೆ ಹಿಡಿದು ಹೋದ ಭಾರತೀಯ ಸಂಸ್ಥೆಗಳು 2019ರ ಏಪ್ರಿಲ್ 4ರಂದು ಶ್ರೀಲಂಕಾದ ಸ್ಟೇಟ್ ಇಂಟೆಲಿಜೆನ್ಸ್ ಸರ್ವಿಸ್ ಮುಖ್ಯಸ್ಥ ನಿಲಂತ ಜಯವರ್ಧನ ಅವರಿಗೆ ಮಾಹಿತಿ ಕೊಟ್ಟವು.

ಅಲ್ಲಿಂದ ಮುಂದಿನದು ನಮ್ಮ ಯಾವುದೇ ಸರ್ಕಾರಿ ಕಚೇರಿಯ ಟಪಾಲು ಕಥೆಯಂತೆಯೇ ಇದೆ. ಜಯವರ್ಧನ ಅದನ್ನು ರಾಷ್ಟ್ರೀಯ ಗುಪ್ತಚರ ಮುಖ್ಯಸ್ಥ ಸಿಸಿರ ಮೆಂಡಿಸ್ ಅವರಿಗೆ ಕಳಿಸಿದರು. ಮೆಂಡಿಸ್ ಏಪ್ರಿಲ್ 9ರಂದು ಪೊಲೀಸ್ ಮಹಾನಿರೀಕ್ಷಕ ಪೂಜಿತ್ ಜಯಸುಂದರ ಅವರಿಗೆ ಬರೆದರು. ಜಯಸುಂದರ ಷರಾ ಬರೆದು ಕೆಳಗಿನ ಹಿರಿಯ ಅಧಿಕಾರಿಗಳಿಗೆ ದಾಟಿಸಿದರು. 11ರಂದು ಮೇಲೆ ಹೇಳಿದ ಪತ್ರ ಹೊರಬಿತ್ತು. ಪ್ರತಿ ಮೇಜಿನ ಮೇಲೂ ಒಂದು ಷರಾ, ಒಂದು ಮುಂದೂಡಿಕೆ. 'ಅಗತ್ಯ ಕ್ರಮಕ್ಕಾಗಿ' ಎಂದು ಬರೆದ ಕಾಗದದಲ್ಲಿ ಯಾವ ಕ್ರಮ, ಯಾರಿಂದ, ಯಾವ ದಿನಾಂಕದೊಳಗೆ ಎಂಬುದು ಇಲ್ಲದಿದ್ದರೆ ಅದು ಆದೇಶವಲ್ಲ. ಮುಂದೆ ಏನಾದರೂ ಆದರೆ ನಾನು ಕಳಿಸಿದ್ದೆ ಎಂದು ತೋರಿಸಲು ಇಟ್ಟುಕೊಂಡ ರಸೀದಿ.

ಪಂಚಾಂಗವೂ ಕೈಕೊಟ್ಟಿತು. ಏಪ್ರಿಲ್ 13, 14 ಸಿಂಹಳ-ತಮಿಳು ಹೊಸವರ್ಷದ ರಜೆ, 19 ಗುಡ್ ಫ್ರೈಡೆ. ಇವುಗಳ ನಡುವೆ 16ರಂದು ಜಹ್ರಾನ್‌ನ ಊರು ಕಾತ್ತಾನ್‌ಕುಡಿಯ ಬಳಿ ಪಾಲಮುನೈಯಲ್ಲಿ ಒಂದು ಮೋಟಾರ್ ಸೈಕಲ್ ಸ್ಫೋಟಗೊಂಡಿತು. ಅದು ದಾಳಿಯ ತಾಲೀಮು. ಏಪ್ರಿಲ್ 20ರಂದು ಭಾರತದಿಂದ ಎರಡನೆಯ ಎಚ್ಚರಿಕೆ ಬಂತು, ಅದರಲ್ಲಿ ಈ ಮೋಟಾರ್ ಸೈಕಲ್ಲಿನ ಉಲ್ಲೇಖವೂ ಇತ್ತು. 21ರಂದು ದಾಳಿಗೆ ಸ್ವಲ್ಪ ಮುಂಚೆ ಮೂರನೆಯದು. ರಕ್ಷಣಾ ಖಾತೆಯನ್ನೂ ತಮ್ಮ ಬಳಿಯೇ ಇಟ್ಟುಕೊಂಡಿದ್ದ ರಾಷ್ಟ್ರಪತಿ ಮೈತ್ರಿಪಾಲ ಸಿರಿಸೇನ ಆಗ ಸಿಂಗಪುರದಲ್ಲಿದ್ದರು. ತಮ್ಮ ಸ್ಥಾನಕ್ಕೆ ಹಂಗಾಮಿ ರಕ್ಷಣಾ ಸಚಿವರನ್ನು ನೇಮಿಸಿ ಹೋಗಿರಲಿಲ್ಲ.

ಒಡೆದ ಮನೆ

ಇಷ್ಟು ಕೈಗಳಲ್ಲಿ ಒಂದು ಕೈಯೂ ಏಕೆ ಮುಂದೆ ಬರಲಿಲ್ಲ? 2018ರ ಅಕ್ಟೋಬರ್ 26ರಂದು ಸಿರಿಸೇನ ಪ್ರಧಾನಿ ರನಿಲ್ ವಿಕ್ರಮಸಿಂಘೆಯವರನ್ನು ಕಿತ್ತುಹಾಕಿ ಮಹಿಂದ ರಾಜಪಕ್ಸೆಯವರನ್ನು ಕೂರಿಸಿದ್ದರು. ಅವರು ಆಮೇಲೆ ಮಾಡಿದ ಸಂಸತ್ ವಿಸರ್ಜನೆ ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಡಿಸೆಂಬರ್ 16ರಂದು ರನಿಲ್ ಮರಳಿದರು. ಕುರ್ಚಿ ಮರಳಿತು, ವಿಶ್ವಾಸ ಮರಳಲಿಲ್ಲ. ರಾಷ್ಟ್ರೀಯ ಭದ್ರತಾ ಮಂಡಳಿಯ ಸಭೆಗೆ ಪ್ರಧಾನಿಗೆ ಕರೆ ಇಲ್ಲ, ರಕ್ಷಣಾ ರಾಜ್ಯ ಸಚಿವ ರುವಾನ್ ವಿಜೇವರ್ಧನೆಗೆ ಕರೆ ಇಲ್ಲ. ಪೊಲೀಸ್ ಮಹಾನಿರೀಕ್ಷಕರಿಗೂ 2018ರ ಅಕ್ಟೋಬರ್‌ನಿಂದ ಬಾಗಿಲು ಮುಚ್ಚಿತ್ತೆಂದು ಅವರೇ ಸಂಸದೀಯ ಸಮಿತಿಯ ಮುಂದೆ ಹೇಳಿದರು. ಮಂಡಳಿ ಫೆಬ್ರವರಿಯ ನಂತರ ದಾಳಿಯವರೆಗೆ ಸೇರಿಯೇ ಇರಲಿಲ್ಲ. ಪೊಲೀಸ್ ಮುಖ್ಯಸ್ಥನನ್ನು ಹೊರಗಿಟ್ಟ ಭದ್ರತಾ ಮಂಡಳಿ ಎಂದರೆ ತಂಬಿಗೆ ಇದ್ದೂ ಬಾವಿಗೆ ಹಗ್ಗ ಇಲ್ಲದ ಹಾಗೆ.

ಅದೇ ಅಕ್ಟೋಬರ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಭಯೋತ್ಪಾದನಾ ತನಿಖಾ ವಿಭಾಗದ ನಾಲಕ ಡಿ ಸಿಲ್ವ ಜಹ್ರಾನ್‌ನ ಬೆನ್ನು ಹತ್ತಿದ್ದರು, ಬಂಧನ ವಾರಂಟನ್ನೂ ತಂದಿದ್ದರು. ಸಿರಿಸೇನರ ಹತ್ಯೆಗೆ ಸಂಚು ನಡೆದಿದೆ ಎಂಬ ಮಾಹಿತಿದಾರನೊಬ್ಬನ ಆರೋಪದ ಮೇಲೆ ಅವರೇ ಬಂಧನಕ್ಕೊಳಗಾದರು. ಕಡತ ತಣ್ಣಗಾಯಿತು. ಈ ಹತ್ಯಾ ಸಂಚಿನ ಗಾಳಿಮಾತು ರಾಜತಾಂತ್ರಿಕತೆಯನ್ನೂ ತಟ್ಟಿತು: ಸಂಪುಟ ಸಭೆಯಲ್ಲಿ ಸಿರಿಸೇನ ಭಾರತದ 'ರಾ' ಸಂಸ್ಥೆಯತ್ತ ಬೊಟ್ಟು ಮಾಡಿದರೆಂದು ಪತ್ರಿಕೆಗಳು ಬರೆದವು. ಅವರು ಪ್ರಧಾನಿ ಮೋದಿಯವರಿಗೆ ಫೋನ್ ಮಾಡಿ ಹಾಗೆ ಹೇಳಿಲ್ಲ ಎಂದು ಸಮಜಾಯಿಷಿ ಕೊಡಬೇಕಾಯಿತು. ಆರು ತಿಂಗಳೂ ಕಳೆದಿರಲಿಲ್ಲ, ಅದೇ ಭಾರತದಿಂದ ಎಚ್ಚರಿಕೆ ಬಂತು. ಅದನ್ನು ಓದಿದವರ ಮನಸ್ಸಿನಲ್ಲಿ ಈ ಹಳೆಯ ಸಂಶಯ ಎಷ್ಟು ಕೆಲಸ ಮಾಡಿತೆಂದು ಯಾವ ಆಯೋಗವೂ ಅಳೆಯಲಾರದು. ಕೊಡುವವರ ಬಗ್ಗೆ ನಂಬಿಕೆ ಕೆಟ್ಟಿದ್ದಾಗ ಮಾಹಿತಿಯ ತೂಕವೂ ಇಳಿಯುತ್ತದೆ ಎಂಬುದು ಮಾತ್ರ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.

ಕಾತ್ತಾನ್‌ಕುಡಿಯವರು ಹೇಳಿದ್ದರು

ಜಹ್ರಾನ್ ಕತ್ತಲಲ್ಲಿ ಬೆಳೆದವನಲ್ಲ. ಕಾತ್ತಾನ್‌ಕುಡಿ ತಮಿಳು ಮಾತನಾಡುವ ಮುಸ್ಲಿಮರ ಒತ್ತಾದ ಊರು. ಅಲ್ಲಿನ ಸೂಫಿ ಪಂಥದವರ ಮೇಲೆ 2017ರ ಮಾರ್ಚ್ 10ರಂದು ಅವನ ಕಡೆಯವರು ಕತ್ತಿ ಹಿಡಿದು ಹೋದರು. ಊರಿನವರೇ ದೂರು ಕೊಟ್ಟರು, ಬೀದಿಗಿಳಿದರು. ಅವನು ಪರಾರಿಯಾದ, ಯೂಟ್ಯೂಬ್ ಮತ್ತು ಫೇಸ್‌ಬುಕ್‌ನಲ್ಲಿ ಮಾತ್ರ ಮಾತನಾಡುತ್ತಲೇ ಇದ್ದ. ಅವನೇ ಕಟ್ಟಿದ ಸಂಘಟನೆ ಅವನನ್ನು ಹೊರಹಾಕಿತು. ಮುಸ್ಲಿಂ ಕೌನ್ಸಿಲ್‌ನ ಹಿಲ್ಮಿ ಅಹಮದ್ ಮೂರು ವರ್ಷ ಮೊದಲೇ ಸೇನಾ ಗುಪ್ತಚರರಿಗೆ ಹೇಳಿದ್ದೆವು ಎಂದು ದಾಳಿಯ ನಂತರ ಬಹಿರಂಗವಾಗಿ ಹೇಳಿದರು. 2016ರ ನವೆಂಬರ್‌ನಲ್ಲೇ ಆಗಿನ ನ್ಯಾಯ ಸಚಿವ ವಿಜೇದಾಸ ರಾಜಪಕ್ಸೆ, 32 ಮಂದಿ ಲಂಕನ್ನರು ಇಸ್ಲಾಮಿಕ್ ಸ್ಟೇಟ್ (ಐಎಸ್) ಸೇರಿದ್ದಾರೆ ಎಂದು ಸಂಸತ್ತಿನಲ್ಲಿ ಪ್ರಕಟಿಸಿದ್ದರು. ಆಗ ಅದನ್ನು ಮುಸ್ಲಿಂ ದ್ವೇಷದ ಮಾತೆಂದು ಹಲವರು ಬದಿಗೆ ಸರಿಸಿದರು. ತಪ್ಪು ಎರಡೂ ಕಡೆಯದು ಎನ್ನಲಾಗದು. ಆ ಹೊತ್ತಿಗೆ ಸಂಶಯಕ್ಕೆ ಕಾರಣವೂ ಇತ್ತು. ಬೋದು ಬಲ ಸೇನೆ ಎಂಬ ಬೌದ್ಧ ಉಗ್ರ ಸಂಘಟನೆಯ ಗಲಗೊಡ ಅತ್ತೆ ಜ್ಞಾನಸಾರ ಭಿಕ್ಷುವಿನ ಭಾಷಣದ ಬೆನ್ನಿಗೆ 2014ರ ಜೂನ್‌ನಲ್ಲಿ ಅಲುತ್ಗಮದಲ್ಲಿ ಮುಸ್ಲಿಮರ ಅಂಗಡಿ, ಮನೆ, ಮಸೀದಿಗಳು ಸುಟ್ಟಿದ್ದವು. ಮುಂದೆ 2018ರ ಮಾರ್ಚ್‌ನಲ್ಲಿ ಕ್ಯಾಂಡಿಯ ದಿಗನದಲ್ಲೂ ಅದೇ ಆಯಿತು. ಜಹ್ರಾನ್‌ನ ಭಾಷಣಗಳಿಗೆ ಈ ಬೆಂಕಿಯೇ ಸೌದೆ. ಬೌದ್ಧ ಉಗ್ರವಾದ ಮತ್ತು ಇಸ್ಲಾಮೀ ಉಗ್ರವಾದ ಇಲ್ಲಿ ಎದುರಾಳಿಗಳಂತೆ ಕಂಡರೂ ಒಂದರ ಅನ್ನ ಇನ್ನೊಂದರ ಒಲೆಯಲ್ಲಿ ಬೇಯುತ್ತಿತ್ತು. ರಾಷ್ಟ್ರಪತಿ ನೇಮಿಸಿದ ತನಿಖಾ ಆಯೋಗ 2021ರಲ್ಲಿ ಬೋದು ಬಲ ಸೇನೆಯ ನಿಷೇಧವನ್ನೂ ಶಿಫಾರಸು ಮಾಡಿದ್ದು ಇದೇ ಕಾರಣಕ್ಕೆ.

ಕೊನೆಯ ಐದು ತಿಂಗಳ ಸುಳಿವುಗಳು ಇನ್ನೂ ಸ್ಪಷ್ಟ. 2018ರ ನವೆಂಬರ್ 30ರಂದು ಬಟ್ಟಿಕಲೋವಾ ಬಳಿಯ ವವುನತೀವುನಲ್ಲಿ ಇಬ್ಬರು ಕಾನ್‌ಸ್ಟೆಬಲ್‌ಗಳ ಕೊಲೆಯಾಯಿತು. ಪೊಲೀಸರು ಮಾಜಿ ಎಲ್‌ಟಿಟಿಇ ಸದಸ್ಯನನ್ನು ಹಿಡಿದು ಒಳಗೆ ಹಾಕಿದರು. ಕೊಂದದ್ದು ಜಹ್ರಾನ್‌ನ ಗುಂಪು ಎಂದು ಗೊತ್ತಾದದ್ದು ಈಸ್ಟರ್ ನಂತರ. ಮೂವತ್ತು ವರ್ಷ ಒಬ್ಬನೇ ಶತ್ರುವಿನೊಂದಿಗೆ ಹೋರಾಡಿದ ಸಂಸ್ಥೆಗೆ ಪ್ರತಿ ರಕ್ತದ ಕಲೆಯಲ್ಲೂ ಅದೇ ಶತ್ರು ಕಾಣುತ್ತಾನೆ. ಡಿಸೆಂಬರ್ 26ರಂದು ಮಾವನೆಲ್ಲದಲ್ಲಿ ಬುದ್ಧನ ಮೂರ್ತಿಗಳನ್ನು ಒಡೆದರು. ಆ ಎಳೆ ಹಿಡಿದ ಸಿಐಡಿ 2019ರ ಜನವರಿಯಲ್ಲಿ ಪುತ್ತಳಂ ಜಿಲ್ಲೆಯ ವನಾತವಿಲ್ಲುವದ ತೆಂಗಿನ ತೋಟದಲ್ಲಿ ಸುಮಾರು 100 ಕಿಲೊ ಸ್ಫೋಟಕ ಸಾಮಗ್ರಿ ಹಿಡಿಯಿತು. ಮೂರ್ತಿಭಂಗದ ಪ್ರಕರಣದಿಂದ ಸ್ಫೋಟಕದ ಗೋದಾಮಿಗೆ ಹೋದದ್ದು ಒಳ್ಳೆಯ ತನಿಖೆಯೇ. ಅಲ್ಲಿ ಸಿಕ್ಕವರ ಮೇಲಿನವನು ಯಾರು ಎಂಬ ಪ್ರಶ್ನೆಗೆ ಇಡೀ ವ್ಯವಸ್ಥೆ ಜೊತೆಗೂಡಿ ಉತ್ತರ ಹುಡುಕಲಿಲ್ಲ. ಸಿಐಡಿಯ ಕಡತ ಒಂದು ಕಡೆ, ಸ್ಟೇಟ್ ಇಂಟೆಲಿಜೆನ್ಸ್‌ನ ಕಡತ ಇನ್ನೊಂದು ಕಡೆ.

ಎಚ್ಚರಿಕೆ ಹೇಗೆ ಇಳಿಯಬೇಕಿತ್ತು

ವಿದೇಶಿ ಸಂಸ್ಥೆಯಿಂದ ಬಂದ ಮಾಹಿತಿಗೆ ಒಂದು ಕಟ್ಟು ಇರುತ್ತದೆ: ಕೊಟ್ಟವರ ಅನುಮತಿಯಿಲ್ಲದೆ ಮೂರನೆಯವರಿಗೆ ದಾಟಿಸುವಂತಿಲ್ಲ. ಅಧಿಕಾರಿಗಳು ಬಾಯಿ ಮುಚ್ಚಿಕೊಳ್ಳಲು ಸಾಮಾನ್ಯವಾಗಿ ಕೊಡುವ ಕಾರಣ ಇದೇ. ಇದಕ್ಕೆ ಹಳೆಯ ಪರಿಹಾರವೂ ಇದೆ. ಟಿಪ್ಪಣಿಯನ್ನು ಎರಡು ಭಾಗ ಮಾಡಿ ನಡುವೆ ಗೆರೆ ಎಳೆಯುತ್ತಾರೆ. ಮೇಲಿನ ಭಾಗದಲ್ಲಿ ಮೂಲ, ಹೆಸರು, ತಿಳಿದ ಬಗೆ. ಕೆಳಗಿನ ಭಾಗದಲ್ಲಿ ಠಾಣೆಗೆ ಬೇಕಾದಷ್ಟೇ: 'ಈ ಭಾನುವಾರ ಚರ್ಚ್‌ಗಳಲ್ಲಿ ಚೀಲ ತಪಾಸಣೆ ಮಾಡಿ, ಬಾಗಿಲಿಗೆ ಜನ ನಿಲ್ಲಿಸಿ, ಈ ಐದು ಮುಖಗಳನ್ನು ನೋಡಿ'. ಗೆರೆಯ ಕೆಳಗಿನದನ್ನು ಹರಿದು ಕಾನ್‌ಸ್ಟೆಬಲ್‌ವರೆಗೆ ಕಳಿಸಿದರೂ ಮೂಲ ಬಯಲಾಗುವುದಿಲ್ಲ.

ತೂಕ ಹಾಕುವ ಕ್ರಮವೂ ಇದೆ. ಮೂಲ ಎಷ್ಟು ನಂಬಿಕಸ್ತ ಎಂಬುದಕ್ಕೆ 'ಎ'ಯಿಂದ 'ಎಫ್', ಸುದ್ದಿ ಎಷ್ಟು ದೃಢ ಎಂಬುದಕ್ಕೆ 1ರಿಂದ 6. ನಂಬಿಕಸ್ತ ಮೂಲ ದೃಢವಾಗದ ಸುದ್ದಿ ಕೊಡಬಹುದು, ಕುಡುಕ ಮಾಹಿತಿದಾರ ಸತ್ಯ ಹೇಳಬಹುದು, ಆದ್ದರಿಂದ ಎರಡನ್ನೂ ಬೇರೆ ಬೇರೆ ಬರೆಯುತ್ತಾರೆ. ಏಪ್ರಿಲ್ 4ರ ಮಾಹಿತಿ ಹೆಸರು-ವಿಳಾಸಗಳ ಸಮೇತ ಬಂದಿತ್ತು. ಅವುಗಳಲ್ಲಿ ಎರಡನ್ನು ಹೋಗಿ ನೋಡಿದ್ದರೂ ದೃಢತೆಯ ಅಂಕ ಏರುತ್ತಿತ್ತು. ಪಾಲಮುನೈ ಸ್ಫೋಟದ ಮರುದಿನ ಕಾಯಲು ಏನೂ ಉಳಿದಿರಲಿಲ್ಲ. ಮೂರನೆಯದು, ಒಡೆತನ: ಒಬ್ಬ ಅಧಿಕಾರಿ, ಅವನ ಹೆಸರು, 24 ಗಂಟೆಯೊಳಗೆ ಮರು ವರದಿ. ಲಂಕೆಯ ಆ ಕಾಗದಗಳಲ್ಲಿ ಇದು ಇರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ಘಟನೆ ಅದೇ ವಾರ ಬೆಂಗಳೂರಿನಲ್ಲಿ ನಡೆಯಿತು. ಏಪ್ರಿಲ್ 26ರಂದು ಲಾರಿ ಚಾಲಕನೊಬ್ಬ ಪೊಲೀಸರಿಗೆ ಫೋನ್ ಮಾಡಿ, ತಮಿಳುನಾಡಿನ ರಾಮನಾಥಪುರದಲ್ಲಿ 19 ಉಗ್ರರಿದ್ದಾರೆ, ದಕ್ಷಿಣದ ರಾಜ್ಯಗಳ ರೈಲುಗಳಿಗೆ ಬಾಂಬ್ ಇಡುತ್ತಾರೆ ಎಂದ. ಕರ್ನಾಟಕದ ಪೊಲೀಸ್ ಮುಖ್ಯಸ್ಥರ ಪತ್ರ ಆ ರಾತ್ರಿಯೇ ನೆರೆ ರಾಜ್ಯಗಳಿಗೆ ಹೋಯಿತು. ಮರುದಿನ ಸುದ್ದಿ ಸುಳ್ಳೆಂದು ಗೊತ್ತಾಗಿ, ನಿವೃತ್ತ ಸೈನಿಕನಾಗಿದ್ದ ಆ ಚಾಲಕ ಬಂಧನಕ್ಕೊಳಗಾದ. ಕೆಲವರು ನಕ್ಕರು. ನಗಬೇಕಾಗಿರಲಿಲ್ಲ: ಒಂದು ರಾತ್ರಿಯ ನಿದ್ದೆಗೆಟ್ಟರೂ ಕಾಗದ ತಲುಪಬೇಕಾದವರಿಗೆ ತಲುಪಿತ್ತು, ಪರಿಶೀಲನೆಯೂ ಒಂದೇ ದಿನದಲ್ಲಿ ಮುಗಿದಿತ್ತು.

ದಾಳಿಯ ನಂತರ: ಒಳಗೂ ಹೊರಗೂ

ತುರ್ತು ಪರಿಸ್ಥಿತಿ, ಕರ್ಫ್ಯೂ, ಸಾಮಾಜಿಕ ಜಾಲತಾಣಗಳಿಗೆ ತಡೆ, ಏಪ್ರಿಲ್ 29ರಿಂದ ಮುಖ ಮುಚ್ಚುವ ಉಡುಪಿಗೆ ನಿಷೇಧ. ಮೇ 12, 13ರಂದು ಚಿಲಾವ್, ಕುಲಿಯಾಪಿಟಿಯ, ಮಿನುವಂಗೊಡಗಳಲ್ಲಿ ಮುಸ್ಲಿಮರ ಮೇಲೆ ದಾಳಿಗಳಾದವು. ಮೇ 23ರಂದು ಜ್ಞಾನಸಾರ ಭಿಕ್ಷು ರಾಷ್ಟ್ರಪತಿಯ ಕ್ಷಮಾದಾನದಿಂದ ಜೈಲಿನಿಂದ ಹೊರಬಂದರು. ಜೂನ್ 3ರಂದು ಭಿಕ್ಷುವೊಬ್ಬರ ಉಪವಾಸದ ಒತ್ತಡಕ್ಕೆ ಒಂಬತ್ತು ಮುಸ್ಲಿಂ ಸಚಿವರು ಮತ್ತು ಇಬ್ಬರು ರಾಜ್ಯಪಾಲರು ರಾಜೀನಾಮೆ ಕೊಟ್ಟರು. ಜಹ್ರಾನ್ ಬಯಸಿದ್ದ ಬಿರುಕು ಇದೇ. ದೂರು ಕೊಟ್ಟಿದ್ದ ಸಮುದಾಯವನ್ನೇ ಆರೋಪಿಯ ಕಟಕಟೆಯಲ್ಲಿ ನಿಲ್ಲಿಸಿದರೆ ಮುಂದಿನ ದೂರು ಯಾರು ತರುತ್ತಾರೆ?

ಗೋಟಬಯ ರಾಜಪಕ್ಸೆ ದಾಳಿಯಾದ ಒಂದು ವಾರದೊಳಗೆ ರಾಷ್ಟ್ರಪತಿ ಚುನಾವಣೆಗೆ ನಿಲ್ಲುತ್ತೇನೆಂದರು, ನವೆಂಬರ್‌ನಲ್ಲಿ ಶೇ 52.25 ಮತ ಪಡೆದು ಗೆದ್ದರು. ಈ ಕಾಲಕ್ರಮದಿಂದಲೇ ಸಂಚಿನ ಹಿಂದೆ ರಾಜಕೀಯ ಕೈವಾಡ ಇತ್ತೇ ಎಂಬ ಪ್ರಶ್ನೆ ಹುಟ್ಟಿ ಇವತ್ತಿಗೂ ಲಂಕೆಯ ಬೀದಿಯಲ್ಲಿ, ಅಲ್ಲಿನ ಕ್ಯಾಥೊಲಿಕ್ ಧರ್ಮಗುರು ಕಾರ್ಡಿನಲ್ ಮಾಲ್ಕಂ ರಂಜಿತ್ ಅವರ ಮಾತುಗಳಲ್ಲಿ ಜೀವಂತವಾಗಿದೆ.

ರಾಜತಾಂತ್ರಿಕ ಲೆಕ್ಕ ಮೊದಲು ಪ್ರವಾಸೋದ್ಯಮದಲ್ಲಿ ಕಂಡಿತು. ಬ್ರಿಟನ್, ಭಾರತ ಮೊದಲಾದ ದೇಶಗಳು ಅನಗತ್ಯ ಪ್ರಯಾಣ ಬೇಡವೆಂದವು. 2018ರ ಮೇ ತಿಂಗಳಲ್ಲಿ ಬಂದ ಪ್ರವಾಸಿಗರು 1,29,466. 2019ರ ಮೇ ತಿಂಗಳಲ್ಲಿ 37,802. ಈ ಆದಾಯ 2018ರ 440 ಕೋಟಿ ಡಾಲರ್‌ನಿಂದ 2019ರಲ್ಲಿ ಸುಮಾರು 360 ಕೋಟಿಗೆ ಇಳಿಯಿತು. ಮಿಕ್ಕಿದ್ದನ್ನು ಕೋವಿಡ್ ಕಸಿದುಕೊಂಡಿತು. 2022ರಲ್ಲಿ ವಿದೇಶಿ ಸಾಲ ತೀರಿಸಲಾಗದೆ ದೇಶ ಕೈಚೆಲ್ಲಿದ್ದಕ್ಕೆ ಕಾರಣಗಳು ಹಲವು, ಬರಿದಾದ ಡಾಲರ್ ಪೆಟ್ಟಿಗೆಯ ಮೊದಲ ತೂತು ಮಾತ್ರ ಈ ಏಪ್ರಿಲ್‌ನದು.

ಭಾರತ ಬೇಗ ನಡೆಯಿತು. ಜೂನ್ 9ರಂದು ಕೊಲಂಬೊಗೆ ಹೋದ ಮೋದಿ ದಾಳಿಯ ನಂತರ ಅಲ್ಲಿಗೆ ಭೇಟಿ ಕೊಟ್ಟ ಮೊದಲ ವಿದೇಶಿ ನಾಯಕ. ವಿಮಾನ ನಿಲ್ದಾಣದಿಂದ ನೇರ ಕೊಚ್ಚಿಕಡೆ ದೇವಾಲಯಕ್ಕೆ ಹೋದರು. ಸಿರಿಸೇನ ಅದಕ್ಕೆ ಮುಂಚೆ ಮೇ ತಿಂಗಳಲ್ಲಿ ಬೀಜಿಂಗ್‌ಗೆ ಹೋಗಿ ಷಿ ಜಿನ್‌ಪಿಂಗ್ ಅವರನ್ನು ಕಂಡು ಬಂದಿದ್ದರು. ಭದ್ರತೆಯ ನೆರವು ಎಂಬುದು ಹಿಂದೂ ಮಹಾಸಾಗರದಲ್ಲಿ ಪ್ರಭಾವದ ಇನ್ನೊಂದು ಹೆಸರು.

ಮುಸ್ಲಿಂ ದೇಶಗಳ ಜೊತೆಗಿನ ಕಥೆ ಬೇರೆ. ಕೋವಿಡ್‌ನಲ್ಲಿ ಸತ್ತ ಮುಸ್ಲಿಮರ ದೇಹಗಳನ್ನೂ ಸುಡಲೇಬೇಕೆಂಬ ಆದೇಶ, ವೈದ್ಯಕೀಯ ಆಧಾರವಿಲ್ಲದಿದ್ದರೂ, ಈಸ್ಟರ್ ನಂತರದ ಬೇಸರದಲ್ಲಿ ತಿಂಗಳುಗಟ್ಟಲೆ ಉಳಿಯಿತು. 2021ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಇಮ್ರಾನ್ ಖಾನ್ ಬಂದು ಹೋದ ಬೆನ್ನಿಗೇ ಹೂಳಲು ಅನುಮತಿ ಸಿಕ್ಕಿತು. ಜಿನೀವಾದಲ್ಲಿ ಮಾನವ ಹಕ್ಕು ಮಂಡಳಿಯ ಮತದಾನ ಹತ್ತಿರವಿತ್ತು, ಪ್ರತಿ ಮತವೂ ಬೇಕಿತ್ತು. ಮಾರ್ಚ್ 23ರಂದು ಲಂಕೆಯ ವಿರುದ್ಧದ ನಿರ್ಣಯಕ್ಕೆ ಪರ 22, ವಿರೋಧ 11, ತಟಸ್ಥ 14, ಭಾರತ ತಟಸ್ಥ. ಬುರ್ಖಾ ನಿಷೇಧಿಸುತ್ತೇವೆ ಎಂದು ಆ ಮತದಾನಕ್ಕೆ ಹತ್ತು ದಿನ ಮೊದಲು ಸಚಿವ ಶರತ್ ವೀರಶೇಖರ ಘೋಷಿಸಿದ್ದರು. ಪಾಕಿಸ್ತಾನದ ರಾಯಭಾರಿ ಆಕ್ಷೇಪಿಸಿದ ಮೇಲೆ ಅದು ಬರೀ ಪ್ರಸ್ತಾವ ಎಂದು ಸರ್ಕಾರ ತೇಪೆ ಹಚ್ಚಿತು. ಜೂನ್ 10ರಂದು ಐರೋಪ್ಯ ಸಂಸತ್ತು ಲಂಕೆಯ ಭಯೋತ್ಪಾದನಾ ತಡೆ ಕಾಯ್ದೆಯನ್ನು ಯುರೋಪಿಗೆ ಹೋಗುವ ಲಂಕೆಯ ಸರಕಿಗೆ ಸಿಗುವ ಜಿಎಸ್‌ಪಿ ಪ್ಲಸ್ ಸುಂಕ ರಿಯಾಯಿತಿಗೆ ಗಂಟು ಹಾಕಿತು. ಸಿದ್ಧ ಉಡುಪಿನ ಕಾರ್ಖಾನೆಗಳ ಹೊಟ್ಟೆಪಾಡು ಆ ರಿಯಾಯಿತಿಯ ಮೇಲೆ ನಿಂತಿತ್ತು.

ಬಿಲ್ಲು ಯಾರ ಹೆಸರಿಗೆ

ರಕ್ಷಣಾ ಕಾರ್ಯದರ್ಶಿ ಹೇಮಸಿರಿ ಫರ್ನಾಂಡೊ ದಾಳಿಯ ವಾರವೇ ರಾಜೀನಾಮೆ ಕೊಟ್ಟರು. ಜಯಸುಂದರ ರಾಜೀನಾಮೆ ಕೊಡಲೊಪ್ಪದೆ ಕಡ್ಡಾಯ ರಜೆಯ ಮೇಲೆ ಹೋದರು. ಕ್ರಿಮಿನಲ್ ಮೊಕದ್ದಮೆಯಲ್ಲಿ ಇಬ್ಬರನ್ನೂ 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಬಿಟ್ಟಿತು. ಸಂತ್ರಸ್ತರು ಮೂಲಭೂತ ಹಕ್ಕಿನ ಅರ್ಜಿಗಳೊಂದಿಗೆ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2023ರ ಜನವರಿ 12ರ ತೀರ್ಪು ಸಿರಿಸೇನರಿಗೆ 10 ಕೋಟಿ ಲಂಕಾ ರೂಪಾಯಿ, ಜಯಸುಂದರ ಮತ್ತು ಜಯವರ್ಧನರಿಗೆ ತಲಾ 7.5 ಕೋಟಿ, ಫರ್ನಾಂಡೊಗೆ 5 ಕೋಟಿ, ಮೆಂಡಿಸ್‌ಗೆ 1 ಕೋಟಿ ಪರಿಹಾರ ಕಟ್ಟಲು ಹೇಳಿತು. ಸರ್ಕಾರದ ಬೊಕ್ಕಸದಿಂದಲ್ಲ, ಅವರವರ ಜೇಬಿನಿಂದ. ಸಿರಿಸೇನ ಕಂತಿನಲ್ಲಿ ಕಟ್ಟಿದರು.

ದಾಳಿಗೆ ನೆರವಾದ ಆರೋಪದಲ್ಲಿ 25 ಮಂದಿಯ ಮೇಲೆ 23,270 ದೋಷಾರೋಪಗಳನ್ನು ಹೊರಿಸಿ ಕೊಲಂಬೊ ಹೈಕೋರ್ಟಿನಲ್ಲಿ ವಿಚಾರಣೆ 2021ರ ನವೆಂಬರ್‌ನಲ್ಲಿ ಶುರುವಾಯಿತು. ಭಾರತದ ಎಚ್ಚರಿಕೆ ಮೊದಲು ಬಂದು ತಲುಪಿದ್ದು ಯಾರ ಕೈಗೋ ಆ ಜಯವರ್ಧನ, ಆಮೇಲೆ ಬಡ್ತಿ ಪಡೆದು ಹಿರಿಯ ಡಿಐಜಿಯಾಗಿದ್ದರು. ಕರ್ತವ್ಯಲೋಪಕ್ಕಾಗಿ ಪೊಲೀಸ್ ಸೇವೆಯಿಂದ ಅವರು ವಜಾ ಆದದ್ದು 2025ರ ಜುಲೈನಲ್ಲಿ.